ಲ್ಯುಕೇಮಿಯಾ ಗೆದ್ದ ಮಕ್ಕಳ ಕೈಗೆ ಚಿಕಿತ್ಸೆಯ ದಾಖಲೆ ಕೊಡಿ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಸೆಪ್ಟೆಂಬರ್ ಬಂತೆಂದರೆ, ಬಾಲ್ಯದ ಕ್ಯಾನ್ಸರ್ ಕುರಿತ ಜಾಗೃತಿ ಮಾಸದ ನಿಮಿತ್ತ, ರಕ್ತದ ಕ್ಯಾನ್ಸರ್ ಗೆದ್ದ ಮಕ್ಕಳ ಸುದ್ದಿ ತಮ್ಮ ಪತ್ರಿಕೆಯೂ ಸೇರಿದಂತೆ ಎಲ್ಲ ಕಡೆ ಪ್ರಕಟವಾಗುತ್ತದೆ. ತಾಲ್ಲೂಕು ಕೇಂದ್ರವೊಂದರಲ್ಲಿ ಬಹುಕಾಲದಿಂದ ವೈದ್ಯವೃತ್ತಿ ನಡೆಸುತ್ತಿರುವ ನಾನು, 'ಬ್ಲಡ್ ಕ್ಯಾನ್ಸರ್' ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಇನ್ನೇನೂ ಕೇಳದೆ ಮಗುವನ್ನು ಮನೆಗೆ ಕರೆದೊಯ್ದುಬಿಡುತ್ತಿದ್ದ ತಂದೆತಾಯಿಯರನ್ನು ಕಂಡವನು. ಹಾಗಾಗಿ ಇಂಥ ಸುದ್ದಿ ಎಷ್ಟು ಬಂದರೂ ಹೆಚ್ಚಲ್ಲ ಎಂದೇ ನನ್ನ ಭಾವನೆ. ಆದರೆ ಅದೇ ಮಗುವಿಗೆ ಇಪ್ಪತ್ತೈದೋ ನಲವತ್ತೋ ವಯಸ್ಸಾದಾಗ ಅದರ ಹೃದಯ, ಮೂಳೆ, ಓದು, ಉದ್ಯೋಗ, ಸಂಸಾರ ಹೇಗಿರುತ್ತವೆ ಎಂದು ನಾವು ಕೇಳುವುದಿಲ್ಲ; ಯಾರಾದರೂ ಕೇಳಿದರೂ ಉತ್ತರ ಹೇಳಲು ಬೇಕಾದ ಕಾಗದ ನಮ್ಮಲ್ಲಿ ಉಳಿದಿರುವುದಿಲ್ಲ. ಈ ಪತ್ರ ಆ ಕಾಗದವನ್ನು ಕುರಿತದ್ದು.

ಮಕ್ಕಳಲ್ಲಿ ಅತಿ ಹೆಚ್ಚಾಗಿ ಕಾಣಿಸುವ ಕ್ಯಾನ್ಸರ್ ಎಂದರೆ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್, ವೈದ್ಯರ ಬಾಯಲ್ಲಿ ಎಎಲ್‌ಎಲ್. 1940ರ ದಶಕದವರೆಗೂ ಈ ಕಾಯಿಲೆ ಬಂದ ಮಗು ಕೆಲವೇ ತಿಂಗಳುಗಳಲ್ಲಿ ತೀರಿಕೊಳ್ಳುತ್ತಿತ್ತು. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಅವರು ಅಮಿನಾಪ್ಟೆರಿನ್ ಎಂಬ ಔಷಧ ಕೊಟ್ಟು, ಸ್ವಲ್ಪ ಕಾಲದ ಮಟ್ಟಿಗಾದರೂ ರೋಗ ಹಿಂದೆ ಸರಿಯುವುದನ್ನು ಕಂಡು 1948ರಲ್ಲಿ ಪ್ರಕಟಿಸಿದರು. ಆ ಔಷಧವನ್ನು ಒದಗಿಸಿದ ಲೆಡರ್ಲೆ ಪ್ರಯೋಗಾಲಯದಲ್ಲಿ ಸಂಶೋಧನೆಯನ್ನು ಮುನ್ನಡೆಸುತ್ತಿದ್ದವರು ಭೀಮಾವರಂನಲ್ಲಿ ಹುಟ್ಟಿ ಮದರಾಸಿನಲ್ಲಿ ವೈದ್ಯಶಾಸ್ತ್ರ ಓದಿದ ಯಲ್ಲಾಪ್ರಗಡ ಸುಬ್ಬರಾವ್. ಅವರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಿದೆಯೋ ತಿಳಿಯದು. ಮುಂದೆ 6-ಮರ್‌ಕ್ಯಾಪ್ಟೊಪ್ಯೂರಿನ್ ಮಾತ್ರೆ ಬಂತು, ನಮ್ಮ ಅಂಗಳಗಳಲ್ಲೂ ಬೆಳೆಯುವ ನಿತ್ಯಪುಷ್ಪದ ಗಿಡದಿಂದ ವಿನ್‌ಕ್ರಿಸ್ಟೀನ್ ಬಂತು. 1962ರಲ್ಲಿ ಮೆಂಫಿಸ್‌ನಲ್ಲಿ ಆರಂಭವಾದ ಸೇಂಟ್ ಜೂಡ್ ಮಕ್ಕಳ ಸಂಶೋಧನಾ ಆಸ್ಪತ್ರೆಯಲ್ಲಿ ಡೊನಾಲ್ಡ್ ಪಿಂಕೆಲ್ ಅವರು ಈ ಔಷಧಗಳನ್ನು ಒಂದಾದ ಮೇಲೊಂದರಂತೆ ಕೊಡುವ ಬದಲು ಒಟ್ಟಿಗೇ ಕೊಟ್ಟರು. ಔಷಧ ಸುಲಭವಾಗಿ ತಲುಪದ ಮಿದುಳಿನ ಸುತ್ತ ರೋಗದ ಕಣಗಳು ಅಡಗಿ ಕುಳಿತು ಮರಳಿ ಬರುತ್ತವೆ ಎಂಬುದನ್ನು ಮನಗಂಡು, ತಲೆಗೆ ರೇಡಿಯೇಷನ್ ಮತ್ತು ಬೆನ್ನುಹುರಿಯ ದ್ರವಕ್ಕೆ ಮೆಥೊಟ್ರೆಕ್ಸೇಟ್ ಇಂಜೆಕ್ಷನ್ ಸೇರಿಸಿದರು. 1967ರಲ್ಲಿ ಆರಂಭವಾದ ಅವರ ಐದನೇ ಅಧ್ಯಯನದಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಬದುಕುಳಿದರು. ಅಲ್ಲಿಯವರೆಗೆ ಯಾರೂ ಆಸೆ ಪಡದಿದ್ದ ಫಲಿತಾಂಶ ಅದು.

ನನಗೆ ಹೆಚ್ಚು ಮುಖ್ಯವೆನಿಸುವುದು ಅದರ ನಂತರದ ಕಥೆ. ತಲೆಗೆ 24 ಗ್ರೇ (ರೇಡಿಯೇಷನ್ ಅಳೆಯುವ ಮಾನ) ರೇಡಿಯೇಷನ್ ಪಡೆದು ಬದುಕಿದ ಆ ಮಕ್ಕಳನ್ನು ವೈದ್ಯರು ಕೈಬಿಡದೆ ವರ್ಷ ವರ್ಷವೂ ಕರೆದು ನೋಡುತ್ತ ಹೋದರು. ಕೆಲವರ ಎತ್ತರ ಬೆಳೆಯಲಿಲ್ಲ, ಕೆಲವರಿಗೆ ಲೆಕ್ಕ ಹತ್ತಲಿಲ್ಲ, ಪಾಠದ ಮೇಲೆ ಗಮನ ನಿಲ್ಲಲಿಲ್ಲ; ಹತ್ತಿಪ್ಪತ್ತು ವರ್ಷ ಕಳೆದ ಮೇಲೆ ಕೆಲವರ ಮಿದುಳಿನಲ್ಲಿ ಹೊಸ ಗಡ್ಡೆ ಕಾಣಿಸಿತು. ಇವೆಲ್ಲ ಬರವಣಿಗೆಯಲ್ಲಿ ದಾಖಲಾದದ್ದರಿಂದಲೇ ರೇಡಿಯೇಷನ್ ಪ್ರಮಾಣವನ್ನು ಮೊದಲು 18 ಗ್ರೇಗೆ ಇಳಿಸುವ, ಮುಂದೆ ಬಹುತೇಕ ಮಕ್ಕಳಿಗೆ ಕೈಬಿಡುವ ಧೈರ್ಯ ಬಂತು. ಅದೇ ಆಸ್ಪತ್ರೆಯ ಹದಿನೈದನೇ ಅಧ್ಯಯನದಲ್ಲಿ, 2000ದಿಂದ 2007ರವರೆಗೆ ಸೇರಿದ 498 ಮಕ್ಕಳಲ್ಲಿ ಯಾರಿಗೂ ಮುಂಜಾಗ್ರತೆಗೆಂದು ತಲೆಗೆ ರೇಡಿಯೇಷನ್ ಕೊಡಲಿಲ್ಲ. ಆದರೂ ಐದು ವರ್ಷದ ಬದುಕುಳಿಯುವಿಕೆ ಶೇ 93.5ರಷ್ಟಿತ್ತು. ಬದುಕಿದವರನ್ನು ಹಿಂಬಾಲಿಸುವುದನ್ನು ನಮ್ಮಲ್ಲಿ ಒಂದು ಬಗೆಯ ಸೇವಾಕಾರ್ಯವೆಂಬಂತೆ ನೋಡುವ ರೂಢಿಯಿದೆ. ಇಂದು ಚಿಕಿತ್ಸೆಗೆ ಸೇರುವ ಮಗುವಿನ ತಲೆ ರೇಡಿಯೇಷನ್ನಿನಿಂದ ತಪ್ಪಿಸಿಕೊಂಡಿದ್ದರೆ, ಅದಕ್ಕೆ ಕಾರಣ ಆ ಹಿಂಬಾಲಿಸಿದ ದಾಖಲೆಗಳೇ.

ಹೃದಯದ ವಿಷಯವೂ ಹೀಗೆಯೇ ಬೆಳಕಿಗೆ ಬಂತು. ಡಾಕ್ಸೋರುಬಿಸಿನ್, ಡೌನೋರುಬಿಸಿನ್ ಎಂಬ ಕೆಂಪು ಬಣ್ಣದ ಔಷಧಗಳು ಲ್ಯುಕೇಮಿಯಾದ ಚಿಕಿತ್ಸೆಯಲ್ಲಿ ಬಹು ಉಪಯುಕ್ತ, ಆದರೆ ಅವು ಹೃದಯದ ಸ್ನಾಯುವಿಗೆ ಪೆಟ್ಟು ಕೊಡುತ್ತವೆ. ಡಾಕ್ಸೋರುಬಿಸಿನ್ ಪಡೆದು ಗುಣವಾಗಿದ್ದ 115 ಮಂದಿಯನ್ನು ಚಿಕಿತ್ಸೆ ಮುಗಿದು ಒಂದರಿಂದ ಹದಿನೈದು ವರ್ಷಗಳ ನಡುವೆ ಬಾಸ್ಟನ್ನಿನ ವೈದ್ಯರು ಪರೀಕ್ಷಿಸಿ 1991ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಶೇ 57ರಷ್ಟು ಮಂದಿಯ ಹೃದಯದ ಕೆಲಸದಲ್ಲಿ ಏರುಪೇರು ಇತ್ತು. ಮೇಲ್ನೋಟಕ್ಕೆ ಅವರಲ್ಲಿ ಹೆಚ್ಚಿನವರು ಆರೋಗ್ಯವಾಗಿಯೇ ಇದ್ದರು. ಹೆಣ್ಣುಮಕ್ಕಳಿಗೆ ಅಪಾಯ ಹೆಚ್ಚು ಎಂಬುದು ನಂತರ ತಿಳಿಯಿತು. ಜೀವಮಾನದಲ್ಲಿ ಪಡೆದ ಒಟ್ಟು ಪ್ರಮಾಣ ದೇಹದ ಮೇಲ್ಮೈಯ ಚದರ ಮೀಟರಿಗೆ 250 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹೃದಯವನ್ನು ನಿಯತವಾಗಿ ಎಕೋ (ಶಬ್ದತರಂಗದ ಸ್ಕ್ಯಾನ್) ಮಾಡಿ ನೋಡುತ್ತಿರಬೇಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುತ್ತವೆ. ಎಷ್ಟು ಮಿಲಿಗ್ರಾಂ ಎಂಬ ಆ ಒಂದು ಅಂಕಿಯ ಮೇಲೆ ಮುಂದಿನ ಎಲ್ಲ ತೀರ್ಮಾನವೂ ನಿಂತಿದೆ.

ಕೆಲವು ವರ್ಷಗಳ ಹಿಂದೆ ನಮ್ಮ ಊರಿಗೆ ಸೊಸೆಯಾಗಿ ಬಂದಿದ್ದ ಹೆಣ್ಣುಮಗಳೊಬ್ಬಳು ಐದನೇ ತಿಂಗಳ ಬಸುರಿಯಾಗಿದ್ದಾಗ ಏದುಸಿರು ಎಂದು ನನ್ನಲ್ಲಿಗೆ ಬಂದಳು. ರಕ್ತಹೀನತೆಯಿರಬಹುದೆಂದು ನೋಡಿದರೆ ಅದೂ ಇರಲಿಲ್ಲ. ಅತ್ತೆಯನ್ನು ಹೊರಗೆ ಕೂರಿಸಿದ ಮೇಲೆ ಅವಳ ತಾಯಿ ಮೆಲ್ಲಗೆ, ಚಿಕ್ಕವಳಿದ್ದಾಗ 'ರಕ್ತದ ತೊಂದರೆ'ಗೆ ನಗರದ ಆಸ್ಪತ್ರೆಯೊಂದರಲ್ಲಿ ಎರಡು ವರ್ಷಕ್ಕೂ ಮೇಲ್ಪಟ್ಟು ಚಿಕಿತ್ಸೆ ಆಗಿತ್ತು, ಕೆಂಪು ಔಷಧ ಹಾಕಿದ್ದು ನೆನಪಿದೆ ಎಂದರು. ಎಷ್ಟು ಹಾಕಿದ್ದರು ಎಂದು ಕೇಳಿದೆ. ಮದುವೆಯ ಮಾತುಕತೆ ಶುರುವಾದಾಗ ಯಾರ ಕಣ್ಣಿಗಾದರೂ ಬಿದ್ದೀತೆಂದು ಫೈಲನ್ನು ಸುಟ್ಟುಬಿಟ್ಟಿದ್ದರು. ಆಸ್ಪತ್ರೆಗೆ ವಿಚಾರಿಸಿದರೆ ಅಷ್ಟು ಹಳೆಯ ಕಡತ ಇಲ್ಲವೆಂಬ ಉತ್ತರ ಬಂತು. ಎಕೋ ಮಾಡಿಸಿದಾಗ ಹೃದಯದ ಪಂಪಿಂಗ್ ಕಡಿಮೆಯಿತ್ತು. ಹೃದ್ರೋಗ ತಜ್ಞರಿರುವ ಕಡೆ ಹೆರಿಗೆಯಾಗಿ ತಾಯಿ, ಮಗು ಇಬ್ಬರೂ ಕ್ಷೇಮವಾಗಿದ್ದಾರೆ. ಆದರೆ ಗರ್ಭ ನಿಲ್ಲುವ ಮೊದಲೇ ಅಥವಾ ಮೊದಲ ಮೂರು ತಿಂಗಳಲ್ಲೇ ಆಗಬೇಕಾಗಿದ್ದ ಪರೀಕ್ಷೆ ಅದು.

ಫೈಲು ಸುಟ್ಟ ಆ ತಂದೆತಾಯಿಯನ್ನು ದೂರಲು ನನಗೆ ಮನಸ್ಸಾಗುವುದಿಲ್ಲ. ಲ್ಯುಕೇಮಿಯಾ ವಂಶದಲ್ಲಿ ಹರಿಯುತ್ತದೆ, ಹುಟ್ಟುವ ಮಕ್ಕಳಿಗೂ ಬರುತ್ತದೆ ಎಂಬ ಭಯ ನಮ್ಮ ಊರುಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಬಾಲ್ಯದಲ್ಲಿ ಕ್ಯಾನ್ಸರ್ ಚಿಕಿತ್ಸೆ ಪಡೆದವರಿಗೆ ಹುಟ್ಟಿದ ಮಕ್ಕಳಲ್ಲಿ ಆ ಚಿಕಿತ್ಸೆಯ ಕಾರಣದಿಂದ ಜನ್ಮಜಾತ ದೋಷಗಳು ಹೆಚ್ಚಿವೆ ಎಂಬುದಕ್ಕೆ ದೊಡ್ಡ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಎಎಲ್‌ಎಲ್‌ಗೆ ಈಗಿನ ಸಾಮಾನ್ಯ ಚಿಕಿತ್ಸೆ ಪಡೆದ ಬಹುತೇಕರಿಗೆ ಮಕ್ಕಳಾಗುವುದಕ್ಕೂ ಅಡ್ಡಿಯಿಲ್ಲ. ಈ ಮಾತನ್ನು ಚಿಕಿತ್ಸೆ ಮುಗಿಯುವ ದಿನವೇ ವೈದ್ಯರು ಕುಟುಂಬದವರನ್ನು ಕೂರಿಸಿಕೊಂಡು ಹೇಳಿದರೆ ಎಷ್ಟೋ ಫೈಲುಗಳು ಉಳಿದಾವು.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಅಮೆರಿಕದಲ್ಲಿ 1994ರಿಂದ ನಡೆಯುತ್ತಿರುವ ಬಾಲ್ಯ ಕ್ಯಾನ್ಸರ್ ಬದುಕುಳಿದವರ ಅಧ್ಯಯನವು 2006ರಲ್ಲಿ 10,397 ಮಂದಿಯ ವಿವರ ಪ್ರಕಟಿಸಿ, ಅವರಲ್ಲಿ ಶೇ 62.3ರಷ್ಟು ಮಂದಿಗೆ ಒಂದಾದರೂ ದೀರ್ಘಕಾಲದ ಕಾಯಿಲೆ, ಶೇ 27.5ರಷ್ಟು ಮಂದಿಗೆ ತೀವ್ರ ಅಥವಾ ಪ್ರಾಣಾಂತಿಕ ಸ್ವರೂಪದ ಕಾಯಿಲೆ ಇದೆಯೆಂದು ತೋರಿಸಿತು. ಅಂತರ್ಜಾಲದಲ್ಲಿ ಈ ಅಂಕಿ ಕಂಡು ಹೆದರಿದ ತಾಯಂದಿರು ನನ್ನಲ್ಲಿಗೂ ಬಂದಿದ್ದಾರೆ. ಅವರು ತಿಳಿಯಬೇಕಾದದ್ದೆಂದರೆ, ಆ ಅಂಕಿಗಳು ಎಲ್ಲ ಬಗೆಯ ಬಾಲ್ಯದ ಕ್ಯಾನ್ಸರ್‌ಗಳನ್ನೂ ಸೇರಿಸಿಕೊಂಡವು ಮತ್ತು 1970ರಿಂದ 1986ರ ನಡುವೆ ಕಾಯಿಲೆ ಪತ್ತೆಯಾದವರಿಗೆ ಸಂಬಂಧಿಸಿದವು. ಆ ಕಾಲದ ಚಿಕಿತ್ಸೆ ಇಂದಿನದಲ್ಲ. ಅದೇ ಅಧ್ಯಯನದ 2016ರ ವರದಿಯಲ್ಲಿ, 1990ರ ದಶಕದಲ್ಲಿ ಚಿಕಿತ್ಸೆ ಪಡೆದವರಲ್ಲಿ ತಡವಾಗಿ ಸಂಭವಿಸುವ ಸಾವುಗಳು ಹಿಂದಿನವರಿಗಿಂತ ಕಡಿಮೆಯಾಗಿರುವುದು ಕಂಡುಬಂದಿದೆ.

ಹಾಗೆಂದು ಅಲ್ಲಿಯ ಅಂಕಿಯನ್ನು ತಂದು ಇಲ್ಲಿಯ ಮಕ್ಕಳಿಗೆ ಅಂಟಿಸುವುದೂ ಸರಿಯಲ್ಲ. 1984ರಿಂದ ಮುಂಬೈ, ಚೆನ್ನೈ, ದೆಹಲಿಯ ಪ್ರಮುಖ ಕೇಂದ್ರಗಳು ಬಳಸಲಾರಂಭಿಸಿದ ಎಂಸಿಪಿ-841 ಎಂಬ ಚಿಕಿತ್ಸಾ ಕ್ರಮದಿಂದ ನಮ್ಮ ದೇಶದಲ್ಲಿ ಗುಣವಾಗುವವರ ಪ್ರಮಾಣ ಗಣನೀಯವಾಗಿ ಏರಿತು. ಅದರಲ್ಲಿ ತಲೆಯ ರೇಡಿಯೇಷನ್ ಇತ್ತು. ಆಗ ಗುಣವಾದವರು ಈಗ ಮೂವತ್ತು, ನಲವತ್ತು ದಾಟಿರುತ್ತಾರೆ. ನಮ್ಮ ಮಕ್ಕಳಲ್ಲಿ ಅನೇಕರು ಚಿಕಿತ್ಸೆಗೆ ಬರುವಾಗಲೇ ಅಪೌಷ್ಟಿಕತೆಯಿಂದ ಬಳಲಿರುತ್ತಾರೆ. ರಕ್ತದ ತಪಾಸಣೆ ಈಗಿನಷ್ಟು ಬಿಗಿಯಿಲ್ಲದ ದಿನಗಳಲ್ಲಿ ರಕ್ತ ಪಡೆದ ಕೆಲವರಿಗೆ ಹೆಪಟೈಟಿಸ್ ಅಂಟಿದ್ದೂ ಉಂಟು. ದೇಹದ ಗುಣವೂ ಬೇರೆ. ಮನೆಯಲ್ಲಿ ತಿಂಗಳುಗಟ್ಟಲೆ ನುಂಗಬೇಕಾದ 6-ಮರ್‌ಕ್ಯಾಪ್ಟೊಪ್ಯೂರಿನ್ ಕೆಲವು ಮಕ್ಕಳ ಬಿಳಿ ರಕ್ತಕಣಗಳನ್ನು ಏಕಾಏಕಿ ಇಳಿಸಿಬಿಡುತ್ತದೆ. ಐರೋಪ್ಯ ಮೂಲದ ಮಕ್ಕಳಲ್ಲಿ ಇದಕ್ಕೆ ಟಿಪಿಎಂಟಿ ಎಂಬ ಜೀನ್ ಮುಖ್ಯ ಕಾರಣವೆಂದು ಬಹುಕಾಲದಿಂದ ಗೊತ್ತಿತ್ತು. ಏಷ್ಯಾದ ಮಕ್ಕಳಲ್ಲಿ ಎನ್‌ಯುಡಿಟಿ15 ಎಂಬ ಇನ್ನೊಂದು ಜೀನಿನ ಪಾತ್ರ ದೊಡ್ಡದು ಎಂಬುದು 2014-15ರ ಹೊತ್ತಿಗೆ, ಏಷ್ಯಾ ಮೂಲದವರನ್ನು ಪರೀಕ್ಷಿಸಿದ ಮೇಲಷ್ಟೇ ತಿಳಿಯಿತು. ನಮ್ಮ ಮಕ್ಕಳನ್ನು ನಾವೇ ಅಧ್ಯಯನ ಮಾಡಬೇಕೆನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಕಾರಣ ನನಗೆ ಕಾಣುವುದಿಲ್ಲ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆ 1991ರಲ್ಲೇ ಚಿಕಿತ್ಸೆ ಮುಗಿದ ಮಕ್ಕಳಿಗಾಗಿ ಪ್ರತ್ಯೇಕ ಕ್ಲಿನಿಕ್ ಆರಂಭಿಸಿತು. ಆ ಮಾದರಿ ನಮ್ಮ ಪಕ್ಕದಲ್ಲೇ ಇದೆ.

ಹೊಸ ಔಷಧಗಳ ಸುದ್ದಿಯೂ ಆಶಾದಾಯಕವಾಗಿದೆ. ಕಿಮೋಥೆರಪಿಯ ಜೊತೆಗೆ ಬ್ಲಿನಾಟುಮೊಮಾಬ್ ಕೊಟ್ಟಾಗ ಸಾಧಾರಣ ಅಪಾಯದ ವರ್ಗದ ಮಕ್ಕಳಲ್ಲಿ ಮೂರು ವರ್ಷ ರೋಗಮುಕ್ತರಾಗಿ ಉಳಿದವರ ಪ್ರಮಾಣ ಶೇ 87.9ರಿಂದ ಶೇ 96ಕ್ಕೆ ಏರಿದ್ದನ್ನು 2024ರ ಡಿಸೆಂಬರ್‌ನಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿದೆ. ಬೆಲೆಯ ಮಾತು ಸದ್ಯಕ್ಕೆ ಬೇಡ. ಇಂಥ ಔಷಧಗಳಿಂದ ಮುಂದೊಂದು ದಿನ ಕೆಂಪು ಔಷಧದ ಪ್ರಮಾಣವನ್ನೇ ಇಳಿಸಬಹುದೇ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಇಪ್ಪತ್ತು ವರ್ಷಗಳ ನಂತರದ ಹೃದಯಗಳನ್ನು ನೋಡಿದಾಗ ಮಾತ್ರ.

ನನ್ನ ಒತ್ತಾಯ ದೊಡ್ಡದೇನಲ್ಲ. ನಮ್ಮ ರಾಜ್ಯದಲ್ಲಿ ಯಾವ ಹಳ್ಳಿಯ ಗರ್ಭಿಣಿಯ ಕೈಯಲ್ಲೂ ತಾಯಿ ಕಾರ್ಡ್ ಇರುವಂತೆ, ಲ್ಯುಕೇಮಿಯಾ ಚಿಕಿತ್ಸೆ ಮುಗಿಸಿ ಹೊರಡುವ ಪ್ರತಿ ಮಗುವಿನ ಕೈಯಲ್ಲೂ ಒಂದು ಕಾರ್ಡ್ ಇರಬೇಕು. ಯಾವ ಔಷಧ, ಒಟ್ಟು ಎಷ್ಟು, ರೇಡಿಯೇಷನ್ ಆಗಿದ್ದರೆ ಎಲ್ಲಿಗೆ ಎಷ್ಟು ಗ್ರೇ, ರಕ್ತ ಯಾವಾಗ ಕೊಡಲಾಯಿತು, ಯಾವ ಲಸಿಕೆ ಮತ್ತೆ ಹಾಕಿಸಬೇಕು, ಯಾವ ವಯಸ್ಸಿನಲ್ಲಿ ಏನನ್ನು ಪರೀಕ್ಷಿಸಬೇಕು ಎಂಬುದು ಕನ್ನಡ, ಇಂಗ್ಲಿಷ್ ಎರಡರಲ್ಲೂ ಅದರಲ್ಲಿರಲಿ. ಮದುವೆಯ ಭಯವನ್ನು ಗಮನದಲ್ಲಿಟ್ಟುಕೊಂಡು ಮುಖಪುಟದ ಮೇಲೆ ಕಾಯಿಲೆಯ ಹೆಸರು ಬೇಡ. ಕಾರ್ಡಿನ ಒಂದು ಪ್ರತಿ ಆಸ್ಪತ್ರೆಯಲ್ಲೂ ಉಳಿದು, ಹದಿನೆಂಟು ತುಂಬಿದ ಮೇಲೆ ಆ ವ್ಯಕ್ತಿ ಕೇಳಿದರೆ ಮಾತ್ರ ಸಿಗುವಂತಿರಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಚಿಕಿತ್ಸೆಯ ನಂತರದ ವಾರ್ಷಿಕ ತಪಾಸಣೆ ಮತ್ತು ಎಕೋ ಕೂಡ ಅದರ ವ್ಯಾಪ್ತಿಯಲ್ಲಿದೆಯೆಂದು ಸ್ಪಷ್ಟ ಆದೇಶ ಇರಬೇಕು, ಮತ್ತು ಆ ತಪಾಸಣೆ ಜಿಲ್ಲಾ ಆಸ್ಪತ್ರೆಯಲ್ಲೇ ನಡೆಯಬೇಕು. ಎಕೋಗಾಗಿ ರಾಯಚೂರಿನಿಂದ ಬೆಂಗಳೂರಿಗೆ ಯಾರೂ ವರ್ಷ ವರ್ಷ ಬರಲಾರರು.

ವಿಮೆಯ ವಿಷಯದಲ್ಲಿ ಫ್ರಾನ್ಸ್ 2016ರಲ್ಲೇ ಕಾನೂನು ತಂದು, ಚಿಕಿತ್ಸೆ ಮುಗಿದು ನಿಗದಿತ ವರ್ಷಗಳಾದವರು ಸಾಲಕ್ಕೆ ಸಂಬಂಧಿಸಿದ ವಿಮೆ ಪಡೆಯುವಾಗ ಹಳೆಯ ಕ್ಯಾನ್ಸರ್ ಬಗ್ಗೆ ಹೇಳಬೇಕಾಗಿಲ್ಲವೆಂದು ವಿಧಿಸಿದೆ. ಅಂಥ ರಕ್ಷಣೆ ಇದ್ದಲ್ಲಿ ಜನ ದಾಖಲೆ ಮುಚ್ಚಿಡುವ ಪ್ರಮೇಯವೂ ಕಡಿಮೆ. ಇದು ಕೇಂದ್ರ ಸರ್ಕಾರದ ಕೆಲಸವಾದ್ದರಿಂದ ನಮ್ಮ ಸಂಸದರು ಎತ್ತಬೇಕಾದ ವಿಚಾರ.

ಕಾರ್ಡ್ ಬರುವವರೆಗೆ ಪೋಷಕರು ಕಾಯಬೇಕಾಗಿಲ್ಲ. 2002ರ ಭಾರತೀಯ ವೈದ್ಯಕೀಯ ಪರಿಷತ್ತಿನ ನಿಯಮಾವಳಿಯಂತೆ ಒಳರೋಗಿಯ ದಾಖಲೆಗಳನ್ನು ವೈದ್ಯರು ಇಟ್ಟುಕೊಳ್ಳಬೇಕಾದದ್ದು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಮಾತ್ರ. ಎಎಲ್‌ಎಲ್ ಚಿಕಿತ್ಸೆಯೇ ಎರಡರಿಂದ ಮೂರು ವರ್ಷ ನಡೆಯುವುದರಿಂದ, ಮಗು ಮನೆಗೆ ಬಂದ ಕೆಲವೇ ತಿಂಗಳಲ್ಲಿ ಆ ಅವಧಿ ಮುಗಿದುಹೋಗಬಹುದು. ಅದೇ ನಿಯಮಾವಳಿಯ ಪ್ರಕಾರ ರೋಗಿಯ ಕಡೆಯವರು ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಆದ್ದರಿಂದ ಈಗ ಚಿಕಿತ್ಸೆಯ ಕೊನೆಯ ಹಂತದಲ್ಲಿರುವ ಮಕ್ಕಳ ಪೋಷಕರು, ಡಿಸ್ಚಾರ್ಜ್ ಸಮ್ಮರಿಗೆ ತೃಪ್ತರಾಗದೆ, ಪೂರ್ಣ ಕಡತದ ಪ್ರತಿಯನ್ನೂ ಔಷಧಗಳ ಒಟ್ಟು ಪ್ರಮಾಣದ ವಿವರವನ್ನೂ ಕೇಳಿ ವೈದ್ಯಕೀಯ ಅಧೀಕ್ಷಕರಿಗೆ ಲಿಖಿತ ಅರ್ಜಿ ಕೊಟ್ಟು, ಅದಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ತಾಲ್ಲೂಕು ಕೇಂದ್ರದ ಒಬ್ಬ ವೈದ್ಯ
ತುಮಕೂರು ಜಿಲ್ಲೆ