ರಜೆಗೆ ಊರಿಗೆ ಹೊರಟವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ.

ಈ ರಜೆಗೆ ವಿದೇಶದಿಂದ ಊರಿಗೆ ಹೊರಟವರೆಲ್ಲ ಇವತ್ತೇ ಪಾಸ್‌ಪೋರ್ಟ್ ತೆಗೆದು ನೋಡಿ. ಅವಧಿ ಇನ್ನೂ ಇದೆ ಅಂತ ಸುಮ್ನೆ ಕೂರಬೇಡಿ. ಅನೇಕ ದೇಶಗಳು ಕನಿಷ್ಠ 6 ತಿಂಗಳಾದರೂ ಉಳಿದಿರಬೇಕು ಎನ್ನುತ್ತವೆ. ಇಲ್ಲದಿದ್ದರೆ ಚೆಕ್-ಇನ್ ಕೌಂಟರ್‌ನಿಂದಲೇ ವಾಪಸ್ ಕಳಿಸಬಹುದು. ಮಕ್ಕಳದ್ದು ಮೊದಲು ನೋಡಿ, ಅದು ಸಾಮಾನ್ಯವಾಗಿ ದೊಡ್ಡವರದ್ದಕ್ಕಿಂತ ಬೇಗ ಮುಗಿಯುತ್ತದೆ.

ವಾಸದ ಪರವಾನಗಿಯನ್ನೂ ಮರೆಯಬೇಡಿ. ಹೋಗುವಾಗ ಯಾರೂ ಕೇಳದಿದ್ದರೂ ತಿರುಗಿ ಬರುವಾಗ ಅದು ಬೇಕೇ ಬೇಕು. ದಿನಾಂಕ ಓದುವಾಗ ಹುಷಾರು: 03/04 ಅಂದರೆ ಕೆಲವು ಕಡೆ ಏಪ್ರಿಲ್ 3, ಕೆಲವು ಕಡೆ ಮಾರ್ಚ್ 4!

ಹೊಸ ಪಾಸ್‌ಪೋರ್ಟ್ ಬಂದಿದ್ದರೂ, ವೀಸಾ ಹಳೆಯದರಲ್ಲೇ ಇದ್ದರೆ ಎರಡನ್ನೂ ಜೊತೆಗೆ ಇಟ್ಟುಕೊಳ್ಳಿ.

ಪಾಸ್‌ಪೋರ್ಟ್ ನವೀಕರಣಕ್ಕೆ ಕೊಡುವ ಫೋಟೊದಲ್ಲಿ ಹಲ್ಲು ಕಾಣುವ ಹಾಗೆ ನಕ್ಕರೆ ಅರ್ಜಿ ತಿರುಗಿ ಬರಬಹುದು. ಅಷ್ಟೊಂದು ಪುಟ ಅರ್ಜಿ ತುಂಬಿದ ಮೇಲೆ ನಗು ಹೇಗೂ ಬರುವುದಿಲ್ಲ, ಅಲ್ವಾ? ಮಗುವಿನ ಫೋಟೊ ತೆಗೆಸುವವರಿಗೆ ಮಾತ್ರ ಕಷ್ಟ ಜಾಸ್ತಿ. ಕಣ್ಣು ಬಿಟ್ಟಿರಬೇಕು, ಬಾಯಿ ಮುಚ್ಚಿರಬೇಕು, ಹಿಡಿದುಕೊಂಡ ಕೈ ಕಾಣಬಾರದು.

ನವೀಕರಣ ಮಾಡಿಸಬೇಕಾದವರು ಭಾನುವಾರ ರಾತ್ರಿಯೊಳಗೆ ಇಲ್ಲಿ ತಿಳಿಸಿ, ಒಟ್ಟಿಗೇ ಹೋಗೋಣ. ಕ್ಯೂನಲ್ಲಿ ಮಾತಿಗೆ ಜನ ಬೇಕು. ಪಾಸ್‌ಪೋರ್ಟ್ ನಂಬರ್, ಫೋಟೊ ಮಾತ್ರ ದಯವಿಟ್ಟು ಗುಂಪಿನಲ್ಲಿ ಹಾಕಬೇಡಿ.