ಗಿರಿ ವಿಷಯಕ್ಕೆ ಗಾಬರಿ ಬೇಡಮ್ಮ

ಕಲೋನ್, ಜರ್ಮನಿ, ಭಾನುವಾರ

ಅಮ್ಮನಿಗೆ ನಮಸ್ಕಾರ. ನಾವೆಲ್ಲ ಚೆನ್ನಾಗಿದ್ದೇವೆ. ಅಪ್ಪನ ಮಂಡಿನೋವು ಇಳಿದಿದೆ ಅಂತ ತಿಳಿದು ಸಂತೋಷವಾಯಿತು.

ನಿನ್ನ ಕಾಗದದ ತುಂಬ ಗಿರಿಯದೇ ಚಿಂತೆ. ಕಾಲೇಜಿನಲ್ಲಿದ್ದಾಗ ಯಾವುದೋ ಕ್ಯಾಂಪಿನವರು ಕೆನ್ನೆಯೊಳಗೆ ಹತ್ತಿಕಡ್ಡಿ ಆಡಿಸಿಕೊಂಡು ಹೋಗಿದ್ದರು. ಅವನೇ ಅದನ್ನು ಮರೆತಿದ್ದ. ಈಗ ಬೆಂಗಳೂರಿನಿಂದ ಫೋನ್, ನಿಮ್ಮ ಸ್ಟೆಮ್ ಸೆಲ್, ಅಂದರೆ ರಕ್ತ ಹುಟ್ಟಿಸುವ ಕಣ, ಒಬ್ಬ ರೋಗಿಗೆ ಹೊಂದುತ್ತದೆ, ಕೊಡುತ್ತೀರಾ ಅಂತ. ಅತ್ತ ವೈಶಾಖದಲ್ಲಿ ಅವನ ಮದುವೆ. ಅದರ ಮೇಲೆ ಶಾರದತ್ತೆ ಬಂದು ಬೆನ್ನುಮೂಳೆ ಕೊರೆಯುತ್ತಾರೆ, ಮಕ್ಕಳಾಗುವುದಿಲ್ಲ ಅಂತ ಹೇಳಿ ಕಾಫಿ ಕುಡಿದು ಹೋದರು. ಅವರಿಗೇನು!

ಬೆನ್ನುಮೂಳೆಯ ತಂಟೆಗೆ ಯಾರೂ ಹೋಗುವುದಿಲ್ಲಮ್ಮ. ಹೆಚ್ಚಿನವರಿಂದ ತೆಗೆಯುವುದು ತೋಳಿನ ರಕ್ತದಿಂದಲೇ. ಐದು ದಿನ ಇಂಜೆಕ್ಷನ್ ಕೊಡುತ್ತಾರೆ. ಆಗ ಮೈಕೈ ನೋವು, ತಲೆನೋವು ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ಒಂದು ತೋಳಿನಿಂದ ರಕ್ತ ಮಿಷನ್‌ಗೆ ಹೋಗಿ, ಬೇಕಾದ್ದಷ್ಟು ಉಳಿಸಿಕೊಂಡು, ಇನ್ನೊಂದು ತೋಳಿಗೆ ವಾಪಸ್ ಬರುತ್ತದೆ. ನಾಲ್ಕೈದು ಗಂಟೆಯ ಕೆಲಸ. ಬಾವಿ ನೀರು ಸೇದಿದ ಹಾಗೆ, ಕೆಲವು ವಾರದಲ್ಲಿ ಮತ್ತೆ ಊರುತ್ತದೆ. ಮಕ್ಕಳಾಗುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಮೊದಲು ಅವನ ಆರೋಗ್ಯವನ್ನೆಲ್ಲ ತಪಾಸಣೆ ಮಾಡುತ್ತಾರೆ. ಸ್ವಲ್ಪ ಅನುಮಾನ ಬಂದರೂ ಅವರೇ ಬೇಡ ಅನ್ನುತ್ತಾರೆ. ನಮಗೆ ಖರ್ಚಿಲ್ಲ, ಅವರೂ ಇದಕ್ಕೆ ದುಡ್ಡು ಕೊಡುವುದಿಲ್ಲ.

"ಯಾರೋ ಏನೋ, ನಮಗ್ಯಾಕೆ" ಅಂತ ಬರೆದಿದ್ದೀಯ. ನಮ್ಮ ಆಫೀಸಿನಲ್ಲಿ ಒಬ್ಬನಿಗೆ ಬ್ಲಡ್ ಕ್ಯಾನ್ಸರ್ ಆಗಿತ್ತು. ಒಡಹುಟ್ಟಿದವರದೇ ಪೂರ್ತಿ ಹೊಂದುವುದು ನಾಲ್ಕರಲ್ಲಿ ಒಂದು ಪಾಲು ಅಷ್ಟೆ. ಅವನ ಅಕ್ಕನದು ಹೊಂದಲಿಲ್ಲ. ಕೊನೆಗೆ ಎಲ್ಲಿಯವನೋ ಒಬ್ಬ ಕೊಟ್ಟ. ಇಲ್ಲಿ 2 ವರ್ಷ ಇಬ್ಬರಿಗೂ ಹೆಸರು ಹೇಳುವುದಿಲ್ಲ. ಆಮೇಲೆ ಇಬ್ಬರೂ ಒಪ್ಪಿ ಭೇಟಿಯಾದರು. ಕೊಟ್ಟವನು ಬೇಕರಿ ಕೆಲಸದವನು. ಈಗ ಕ್ರಿಸ್‌ಮಸ್‌ಗೆ ಹೋಗಿಬರುವಷ್ಟು ಬಳಕೆ. ತಮಾಷೆ ಕೇಳು, ಎ ಪಾಸಿಟಿವ್ ಇದ್ದ ನಮ್ಮವನ ಬ್ಲಡ್ ಗ್ರೂಪ್ ಈಗ ಆ ಬೇಕರಿಯವನದೇ, ಓ ಪಾಸಿಟಿವ್! ಈ ಊರಲ್ಲಿ ಕಾರ್ನಿವಲ್ ಗುರುವಾರ ಹೆಂಗಸರು ಕತ್ತರಿ ಹಿಡಿದು ಗಂಡಸರ ಟೈ ಕತ್ತರಿಸುತ್ತಾರೆ, ಯಾರೂ ಬೈಯುವ ಹಾಗಿಲ್ಲ. ಈ ಸಲ ನಮ್ಮ ಆಫೀಸಿನವನದು ನಾನೇ ಕತ್ತರಿಸಿದೆ. ನಗಬೇಡ, ಇಲ್ಲಿ ಇದೂ ಸಂಪ್ರದಾಯವೇ.

ಗಿರಿಗೆ ಫೋನ್ ಮಾಡಿದ, ಸ್ಟೆಮ್ ಸೆಲ್ ಕೊಡುವವರ ಪಟ್ಟಿ ಇಡುವ ಡಿಕೆಎಂಎಸ್‌ನವರು ಮೊದಲು ಶುರು ಮಾಡಿದ್ದು ಈ ದೇಶದಲ್ಲೇ, 1991ರಲ್ಲಿ. ಪೀಟರ್ ಹಾರ್ಫ್ ಅನ್ನುವವರ ಹೆಂಡತಿಗೆ ರಕ್ತದ ಕ್ಯಾನ್ಸರ್ ಬಂದಾಗ. ಆಕೆ ಉಳಿಯಲಿಲ್ಲ. ಈಗ ಅದರಲ್ಲಿ ಹೆಸರು ಕೊಟ್ಟವರು 1 ಕೋಟಿಗೂ ಜಾಸ್ತಿ. ಆದರೆ ಇಲ್ಲಿಯವರು ಎಷ್ಟು ಜನ ಇದ್ದರೂ ನಮ್ಮ ಕಡೆಯವರಿಗೆ ಹೊಂದುವುದು ಕಡಿಮೆ. ನಮ್ಮವರಿಗೆ ನಮ್ಮವರದೇ ಹೊಂದುವುದು ಜಾಸ್ತಿ, ನಮ್ಮಲ್ಲೋ ಹೆಸರು ಕೊಡುವವರೇ ಕಡಿಮೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಬೇಡ ಅನ್ನುವುದಾದರೆ ಈಗಲೇ ಅನ್ನಲಿ. ಕಸಿ ಮಾಡುವ ಮುಂಚೆ ಮೂಳೆಯೊಳಗೆ ರಕ್ತ ಹುಟ್ಟಿಸುವ ರೋಗಿಯ ಸ್ವಂತ ಮಜ್ಜೆಯನ್ನು ಔಷಧಿ ಕೊಟ್ಟು ಸಾಯಿಸಿಬಿಡುತ್ತಾರೆ. ಆಮೇಲೆ ನಮ್ಮ ಹುಡುಗ ಬರಲಿಲ್ಲ ಅಂದರೆ ಆ ಜೀವದ ಗತಿ ಏನು? ಹೋಗು ಅಂತ ಕಳಿಸಿದ ಮೇಲೆ ಅಳಬೇಡ, ಹರಕೆ ಹೊತ್ತು ತಡೆಯಲೂಬೇಡ.

ಬೀಗರಿಗೆ ಮುಚ್ಚಿಡೋಣ ಅಂದಿದ್ದೀಯಲ್ಲ, ಆ ಯೋಚನೆ ಬಿಡು. ಗಿರಿ ಆ ಹುಡುಗಿಗೆ ಆಗಲೇ ಹೇಳಿದ್ದಾನೆ. ನಾನೂ ಹೆಸರು ಕೊಡಬಹುದಾ ಅಂತ ಕೇಳಿದಳಂತೆ. ನಾನು ಹೇಳಿದೆ ಅಂತ ಅವನಿಗೆ ಗೊತ್ತಾಗಬಾರದು.

ಏನೂ ಆಗುವುದಿಲ್ಲಮ್ಮ. ಏನೇನೂ ಆಗುವುದಿಲ್ಲ. ಮದುವೆಗೆ ನಾವು ಒಂದು ವಾರ ಮುಂಚೆಯೇ ಬರುತ್ತೇವೆ. ಸೀರೆ ವಿಷಯ ಫೋನಿನಲ್ಲಿ ಮಾತಾಡೋಣ, ಒಲೆ ಮೇಲೆ ಸಾರು ಉಕ್ಕುತ್ತಿದೆ. ಅಪ್ಪನಿಗೆ ನಮಸ್ಕಾರ.

ನಿನ್ನ,
ಸುಮ