ಭಾನುವಾರದ ರೈಡ್‌ಗೆ ಮೊದಲು ಎಂಜಿನ್ ನಡುಕ ನೋಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ.

ಬೈಕ್ ಜಾಸ್ತಿ ನಡುಗುತ್ತಿದೆ ಎಂದು ಹೇಳಿದವರೆಲ್ಲ ಶುಕ್ರವಾರದೊಳಗೆ ಒಮ್ಮೆ ಪರೀಕ್ಷಿಸಿಕೊಳ್ಳಿ. ಸಿಂಗಲ್ ಸಿಲಿಂಡರ್ ಬೈಕ್ ಸ್ವಲ್ಪ ನಡುಗುವುದು ಸಹಜವೇ ಅಲ್ವಾ? ಮೊದಲು ಇಲ್ಲದ ನಡುಕ ಈಗ ಬಂದಿದ್ದರೆ ಮಾತ್ರ ಯೋಚಿಸಿ.

ನಡುಕ ಎಲ್ಲಿಂದ ಬರುತ್ತಿದೆ ಎಂಬುದೇ ಮುಖ್ಯ. ಬೈಕನ್ನು ಬಯಲಲ್ಲಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ನಿಧಾನವಾಗಿ ಆಕ್ಸಿಲರೇಟರ್ ಕೊಡಿ. ನಿಂತಲ್ಲೇ ನಡುಗಿದರೆ ತೊಂದರೆ ಹೆಚ್ಚಾಗಿ ಎಂಜಿನ್ ಕಡೆಯದು. ಓಡುವಾಗ ಮಾತ್ರ ನಡುಗಿದರೆ, ಖಾಲಿ ನೇರ ರಸ್ತೆಯಲ್ಲಿ ಕ್ಲಚ್ ಹಿಡಿದು ಆಕ್ಸಿಲರೇಟರ್ ಬಿಡಿ. ಆಗಲೂ ನಡುಕ ನಿಲ್ಲದಿದ್ದರೆ ಟೈರ್, ಚಕ್ರದ ಬೇರಿಂಗ್, ಚೈನ್ ನೋಡಿ.

ಎಂಜಿನ್ ಕಡೆಯದಾದರೆ, ಅದು ತಣ್ಣಗಾದ ಮೇಲೆ ಅದನ್ನು ಫ್ರೇಮಿಗೆ ಕಟ್ಟಿರುವ ಮೌಂಟಿಂಗ್ ಬೋಲ್ಟ್‌ಗಳು ಸಡಿಲವಾಗಿವೆಯೇ ನೋಡಿ. ಸುಮ್ನೆ ಬಲ ಹಾಕಿ ತಿರುಗಿಸಿದರೆ ಥ್ರೆಡ್ ಹೋಗುತ್ತದೆ, ಮ್ಯಾನುಯಲ್‌ನಲ್ಲಿರುವ ಟಾರ್ಕ್‌ಗೇ (ಬೋಲ್ಟ್ ತಿರುಗಿಸುವ ಬಲದ ಅಳತೆ) ಬಿಗಿಮಾಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ಒಣ ಕಪ್ಪು ಮಸಿ ಕಟ್ಟಿದ್ದರೆ ಏರ್ ಫಿಲ್ಟರನ್ನೂ ನೋಡಬೇಕು. ಎಣ್ಣೆ ಜಿಡ್ಡು ಇದ್ದರೆ ಮೆಕ್ಯಾನಿಕ್‌ಗೆ ತೋರಿಸಿ.

ನಡುಕದ ಜೊತೆ ಒಳಗಿಂದ ಟಕ್ ಟಕ್ ಸದ್ದು ಬಂದರೆ ಬೈಕ್ ಓಡಿಸಲೇಬೇಡಿ.

ಬೈಕ್ ಮಾಡೆಲ್, ಯಾವ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುವಾಗ) ನಡುಕ, ಇತ್ತೀಚೆಗೆ ಏನು ಬದಲಿಸಿದ್ದೀರಿ ಎಂಬುದನ್ನು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಬರೆಯಿರಿ. ಬೈಕ್ ಸರಿಯಾಗದಿದ್ದರೂ ಬನ್ನಿ, ಇನ್ನೊಬ್ಬರ ಹಿಂದೆ ಕೂರಬಹುದು. ಹೆಲ್ಮೆಟ್ ಮಾತ್ರ ಮರೆಯಬೇಡಿ.